ಆದರ್ಶ ಬಂದೂಕಿನ ನಳಿಗೆ ಎಷ್ಟು ಅಗಲ?

ಕಾಲೇಜಿನ ಎನ್.ಸಿ.ಸಿ. ದಳದಲ್ಲಿದ್ದ ವಿದ್ಯಾರ್ಥಿಯೊಬ್ಬ ಒಂದು ದಿನ ಪಾಠ ಮುಗಿದ ಮೇಲೆ ನಮ್ಮ ಬಳಿಗೆ ಬಂದು ತನ್ನ ಸಂದೇಹವೊಂದನ್ನು ಮುಂದಿಟ್ಟ. ಹಿಂದಿನ ವಾರ ಅವನು ಗುರಿ ಅಭ್ಯಾಸದ ಮೈದಾನದಲ್ಲಿ .22 ಬಂದೂಕಿನಿಂದ ಐದು ಗುಂಡುಗಳನ್ನು ಹಾರಿಸಿ ಬಂದಿದ್ದ. ಆ ಬಂದೂಕಿನ ನಳಿಗೆಯ ಒಳವ್ಯಾಸ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಭಾಗ. ನಮ್ಮ ಸೈನ್ಯದ ಇನ್ಸಾಸ್ ಬಂದೂಕಿನ ಒಳವ್ಯಾಸ 5.56 ಮಿಲಿಮೀಟರ್ ಎಂದು ಅವನು ಓದಿದ್ದ. ಅಂಗುಲಕ್ಕೆ 25.4 ಮಿಲಿಮೀಟರಿನಂತೆ ಭಾಗಿಸಿ ನೋಡಿದರೆ ಅದೂ .219 ಅಂಗುಲವೇ ಆಯಿತು! "ಸಾರ್, ಎರಡಕ್ಕೂ ಒಂದೇ ಅಳತೆಯ ತೂತು. ಒಂದು ಹುಡುಗರು ಕಲಿಯುವ ಬಂದೂಕು. ಇನ್ನೊಂದು ಯುದ್ಧದ ಬಂದೂಕು. ಹೀಗಿರುವಾಗ ನಳಿಗೆ ಇಷ್ಟೇ ಅಗಲವಿರಬೇಕೆಂದು ದೇಶದೇಶಗಳ ಸೈನ್ಯದವರು ನೂರು ವರ್ಷಗಳಿಂದ ವಾದ ಮಾಡುತ್ತಿರುವುದೇಕೆ?" ಎಂಬುದು ಅವನ ಪ್ರಶ್ನೆ.

ಪ್ರಶ್ನೆ ಸರಿಯಾದುದೇ. ಅದಕ್ಕೆ ಒಂದು ಮಾತಿನ ಉತ್ತರವಿಲ್ಲ. ಆದರೆ ಹತ್ತನೆಯ ತರಗತಿಯವರು ಓದುವ ಚಲನೆಯ ನಿಯಮಗಳನ್ನು ಬಿಟ್ಟು ಬೇರೆ ಯಾವ ಗಹನವಾದ ಶಾಸ್ತ್ರವೂ ಆ ಉತ್ತರಕ್ಕೆ ಬೇಕಾಗಿಲ್ಲ. ಅಂದು ಅವನೊಡನೆ ಹಲಗೆಯ ಮುಂದೆ ನಿಂತು ಮಾಡಿದ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಅಳತೆಯೊಂದು, ಅರ್ಥ ಹಲವು

ಬಂದೂಕಿನ ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎಂದು ಹೆಸರು. ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಅಲ್ಲಿ ಸುರುಳಿಯಾಗಿ ಸಾಗುವ ತೋಡುಗಳನ್ನು ಕೊರೆದಿರುತ್ತಾರೆ. ತೋಡುಗಳ ನಡುವೆ ಉಳಿದ ದಿಬ್ಬಗಳ ಎದುರುಬದುರಿನ ಅಂತರವನ್ನು ಅಳೆದರೆ 7.62 ಮಿ.ಮೀ. ಬರುವ ನಳಿಗೆಯಲ್ಲಿ, ತೋಡಿನ ತಳದಿಂದ ತಳಕ್ಕೆ ಅಳೆದರೆ ಸುಮಾರು 7.8 ಮಿ.ಮೀ. ಬರುತ್ತದೆ. ಗುಂಡಿನ ವ್ಯಾಸವೂ ಈ ಎರಡನೆಯ ಅಳತೆಯಷ್ಟೇ. ಗುಂಡು ತೋಡುಗಳಲ್ಲಿ ಬಿಗಿಯಾಗಿ ಹಿಡಿದು ತಿರುಗುತ್ತ ಹೊರಬೀಳಬೇಕಾದರೆ ಹೀಗೆ ತುಸು ದಪ್ಪವಾಗಿರಲೇಬೇಕು.

ಆದರೆ ತೋಟಾದ ಸಾಮರ್ಥ್ಯವನ್ನು ನಿರ್ಧರಿಸುವುದು ವ್ಯಾಸವೊಂದೇ ಅಲ್ಲ. ಅದರ ಹಿತ್ತಾಳೆಯ ಕವಚದಲ್ಲಿ ಎಷ್ಟು ಮದ್ದು ಹಿಡಿಯುತ್ತದೆ, ಗುಂಡಿನ ತೂಕವೆಷ್ಟು, ಆಕಾರವೇನು ಎಂಬುವೂ ಅಷ್ಟೇ ಮುಖ್ಯ. ಆದುದರಿಂದಲೇ ತೋಟಾಗಳನ್ನು 7.62×51, 7.62×39 ಎಂದು ಎರಡು ಸಂಖ್ಯೆಗಳಿಂದ ಗುರುತಿಸುತ್ತಾರೆ. ಮೊದಲನೆಯದು ಕ್ಯಾಲಿಬರ್, ಎರಡನೆಯದು ಕವಚದ ಉದ್ದ, ಮಿಲಿಮೀಟರುಗಳಲ್ಲಿ. ಕೆಲವು ಹೆಸರಾಂತ ತೋಟಾಗಳ ಗುಂಡಿನ ತೂಕ, ನಳಿಗೆಯ ಬಾಯಿಂದ ಹೊರಡುವ ವೇಗ ಮತ್ತು ಚಲನಶಕ್ತಿಗಳನ್ನು ಇಲ್ಲಿ ಕೊಟ್ಟಿದೆ. ಸಂಖ್ಯೆಗಳು ಸ್ಥೂಲವಾದುವು, ಬಂದೂಕಿನಿಂದ ಬಂದೂಕಿಗೆ ಸ್ವಲ್ಪ ವ್ಯತ್ಯಾಸವಾಗುತ್ತದೆ.

.22 (ಅಭ್ಯಾಸದ ಬಂದೂಕು): 2.6 ಗ್ರಾಂ, ಸೆಕೆಂಡಿಗೆ 330 ಮೀಟರ್, 140 ಜೂಲ್
5.56×45: 4.0 ಗ್ರಾಂ, 940 ಮೀಟರ್, 1,770 ಜೂಲ್
7.62×39: 7.9 ಗ್ರಾಂ, 715 ಮೀಟರ್, 2,020 ಜೂಲ್
7.62×51: 9.5 ಗ್ರಾಂ, 840 ಮೀಟರ್, 3,350 ಜೂಲ್
.303 (7.7 ಮಿ.ಮೀ.): 11.3 ಗ್ರಾಂ, 744 ಮೀಟರ್, 3,130 ಜೂಲ್
ಮಾರ್ಟಿನಿ-ಹೆನ್ರಿ .45 (11.4 ಮಿ.ಮೀ.): 31 ಗ್ರಾಂ, 410 ಮೀಟರ್, 2,610 ಜೂಲ್

ನಮ್ಮ ವಿದ್ಯಾರ್ಥಿಯ ಮೊದಲ ಸಂದೇಹ ಇಲ್ಲಿಯೇ ಪರಿಹಾರವಾಯಿತು. ಮೊದಲೆರಡು ಸಾಲುಗಳಲ್ಲಿ ತೂತು ಒಂದೇ. ಆದರೆ ಎರಡನೆಯದರ ಗುಂಡು ಒಂದೂವರೆ ಪಟ್ಟು ಭಾರ, ಸುಮಾರು ಮೂರು ಪಟ್ಟು ವೇಗ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ ಅದು ಹನ್ನೆರಡು ಪಟ್ಟಿಗೂ ಹೆಚ್ಚಾಯಿತು. ನಳಿಗೆಯ ಅಗಲವನ್ನು ನೋಡಿ ಬಂದೂಕಿನ ಬಲವನ್ನು ಹೇಳುವುದು ಕೊಳವೆಯ ಬಾಯನ್ನು ನೋಡಿ ಕೆರೆಯ ನೀರನ್ನು ಅಳೆದಂತೆ.

ಒದೆತದ ಲೆಕ್ಕ

ಈಗ ಪಟ್ಟಿಯ ಕೊನೆಯ ಸಾಲನ್ನು ನೋಡಿ. ಮಾರ್ಟಿನಿ-ಹೆನ್ರಿ ಬಂದೂಕು 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದಿತು. ಅದರ ಸೀಸದ ಗುಂಡು 7.62×51ರ ಗುಂಡಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವಾದುದು. ಆದರೂ ಅದರ ಚಲನಶಕ್ತಿ ಕಡಿಮೆ! ಇನ್ನೂ ವಿಚಿತ್ರವೆಂದರೆ ಅದನ್ನು ಹಾರಿಸಿದವನ ಹೆಗಲಿಗೆ ಬೀಳುತ್ತಿದ್ದ ಪೆಟ್ಟು ಮಾತ್ರ ಬಹಳ ಹೆಚ್ಚು. ಇದಕ್ಕೆ ಕಾರಣವೇನು?

ನ್ಯೂಟನ್ನನ ಮೂರನೆಯ ನಿಯಮದಂತೆ ಗುಂಡು ಎಷ್ಟು ಸಂವೇಗದಿಂದ ಮುಂದಕ್ಕೆ ಹೋಗುತ್ತದೆಯೋ ಅಷ್ಟೇ ಸಂವೇಗದಿಂದ ಬಂದೂಕು ಹಿಂದಕ್ಕೆ ಒದೆಯುತ್ತದೆ. ಸಂವೇಗವೆಂದರೆ ರಾಶಿ ಮತ್ತು ವೇಗಗಳ ಗುಣಲಬ್ಧ. ಮಾರ್ಟಿನಿಯ ಗುಂಡಿನ ಸಂವೇಗ ಸೆಕೆಂಡಿಗೆ 12.7 ಕಿಲೋಗ್ರಾಂ-ಮೀಟರ್; 7.62×51ರದು 8, 5.56ರದು 3.8 ಮಾತ್ರ. ನಾಲ್ಕು ಕಿಲೋಗ್ರಾಂ ತೂಗುವ ಬಂದೂಕಿನಿಂದ ಕೊನೆಯ ಎರಡನ್ನು ಹಾರಿಸಿದೆವೆಂದುಕೊಳ್ಳೋಣ. ಮೊದಲನೆಯ ಸಲ ಬಂದೂಕು ಸೆಕೆಂಡಿಗೆ 2 ಮೀಟರ್ ವೇಗದಿಂದಲೂ ಎರಡನೆಯ ಸಲ 1 ಮೀಟರಿಗೂ ತುಸು ಕಡಿಮೆ ವೇಗದಿಂದಲೂ ಹೆಗಲಿನತ್ತ ಬರುತ್ತದೆ. ಬಂದೂಕಿನ ಚಲನಶಕ್ತಿಯನ್ನು ಲೆಕ್ಕ ಹಾಕಿದರೆ ಕ್ರಮವಾಗಿ 8 ಜೂಲ್ ಮತ್ತು 1.8 ಜೂಲ್. ನಳಿಗೆಯಿಂದ ಹೊರಚಿಮ್ಮುವ ಅನಿಲಗಳಿಗೂ ಸಂವೇಗವಿರುವುದರಿಂದ ನಿಜವಾದ ಒದೆತ ಇದಕ್ಕಿಂತ ಹೆಚ್ಚು. ಆದರೂ ಎರಡರ ನಡುವಣ ಅಂತರ ಹೀಗೆಯೇ ಉಳಿಯುತ್ತದೆ.

ಇಲ್ಲಿಯೇ ಒಂದು ಮುಖ್ಯ ತತ್ತ್ವ ಅಡಗಿದೆ. ಗುಂಡಿನ ಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಹೆಗಲಿನ ಮೇಲಿನ ಒದೆತ ವೇಗವನ್ನು ಮಾತ್ರ ಅನುಸರಿಸುತ್ತದೆ. ಆದುದರಿಂದ ಹಗುರವಾದ ಗುಂಡನ್ನು ಹೆಚ್ಚು ವೇಗದಿಂದ ಕಳುಹಿಸಿದರೆ ಕಡಿಮೆ ಒದೆತಕ್ಕೆ ಹೆಚ್ಚು ಶಕ್ತಿ ದೊರೆಯುತ್ತದೆ. ವೇಗ ಹೆಚ್ಚಿದಂತೆಲ್ಲ ಗುಂಡಿನ ದಾರಿಯೂ ಚಪ್ಪಟೆಯಾಗುತ್ತದೆ. ಮಾರ್ಟಿನಿಯ ಗುಂಡು 300 ಮೀಟರ್ ದೂರ ಕ್ರಮಿಸುವಷ್ಟರಲ್ಲಿ ಭೂಮಿಯ ಆಕರ್ಷಣೆಯಿಂದ ಮೂರು ಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತಿತ್ತು. 7.62×51ರ ಗುಂಡಿಗೆ ಅಷ್ಟು ದೂರಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಸಾಕು. ಅದು ಬೀಳುವುದು ಒಂದು ಮೀಟರಿಗಿಂತಲೂ ಕಡಿಮೆ. ದೂರದ ಅಂದಾಜಿನಲ್ಲಿ ಸೈನಿಕ ಸ್ವಲ್ಪ ತಪ್ಪಿದರೂ ಗುರಿ ತಪ್ಪುವುದಿಲ್ಲ.

ಹಾಗಾದರೆ ಗುಂಡನ್ನು ಇನ್ನೂ ಚಿಕ್ಕದಾಗಿ, ಇನ್ನೂ ವೇಗವಾಗಿ ಮಾಡುತ್ತ ಹೋಗಬಾರದೇಕೆ? ಅದಕ್ಕೆ ಅಡ್ಡವಾಗಿ ನಿಲ್ಲುವುದು ಗಾಳಿ.

ಗಾಳಿಯ ತಡೆ

ಗಾಳಿಯ ತಡೆಯ ಪ್ರಾಬಲ್ಯವನ್ನು ಮೊದಲು ಪ್ರಯೋಗದಿಂದ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ಭಾರವಾದ ಮರದ ದಿಮ್ಮಿಯನ್ನು ಲೋಲಕದಂತೆ ತೂಗಹಾಕಿ, ಅದಕ್ಕೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತೆಂಬುದನ್ನು ಅಳೆದು ಗುಂಡಿನ ವೇಗವನ್ನು ಕಂಡುಹಿಡಿಯುವ ಉಪಾಯ ಅವನದು. 1742ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ಪ್ರಯೋಗಗಳ ವಿವರವಿದೆ. ಇಂದಿಗೂ ಪಠ್ಯಪುಸ್ತಕಗಳ ಲೆಕ್ಕಗಳಲ್ಲಿ ಬರುವ ಗುಂಡಿನ ಲೋಲಕ ಇದೇ. ದಿಮ್ಮಿಯನ್ನು ದೂರ ದೂರಕ್ಕೆ ಸರಿಸುತ್ತ ಹೋದಾಗ ಗುಂಡಿನ ವೇಗ ಅಂದಿನ ವಿದ್ವಾಂಸರು ಊಹಿಸಿದ್ದುದಕ್ಕಿಂತ ಎಷ್ಟೋ ಬೇಗ ಇಳಿಯುತ್ತದೆಂಬುದು ಬಯಲಾಯಿತು. ಈ ರಾಬಿನ್ಸನು ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಒಂದು ಕಲ್ಲನ್ನೂ ಒಂದು ಹಿಡಿ ರಾಗಿಯನ್ನೂ ಒಂದೇ ರಭಸದಿಂದ ಎಸೆದು ನೋಡಿ. ಕಲ್ಲು ಅಂಗಳವನ್ನು ದಾಟಿ ಹೋಗುತ್ತದೆ. ರಾಗಿ ನಾಲ್ಕು ಹೆಜ್ಜೆ ದೂರದಲ್ಲಿಯೇ ಉದುರುತ್ತದೆ. ಗಾಳಿಯ ತಡೆ ವಸ್ತುವಿನ ಎದುರುಮೈಯ ವಿಸ್ತೀರ್ಣಕ್ಕೆ ಅನುಗುಣ. ತಡೆಯನ್ನು ಎದುರಿಸಿ ಮುಂದೆ ಸಾಗುವ ಜಡತ್ವವಾದರೋ ರಾಶಿಗೆ ಅನುಗುಣ. ಗುಂಡಿನ ಆಕಾರವನ್ನು ಹಾಗೆಯೇ ಇಟ್ಟು ಅಳತೆಯನ್ನೆಲ್ಲ ಅರ್ಧಕ್ಕೆ ಇಳಿಸಿದರೆ ವಿಸ್ತೀರ್ಣ ನಾಲ್ಕನೆಯ ಒಂದು ಭಾಗಕ್ಕೂ, ರಾಶಿ ಎಂಟನೆಯ ಒಂದು ಭಾಗಕ್ಕೂ ಇಳಿಯುತ್ತವೆ. ಎಂದರೆ ಪ್ರತಿ ಗ್ರಾಮಿನ ಪಾಲಿಗೆ ಬರುವ ತಡೆ ಎರಡು ಪಟ್ಟಾಗುತ್ತದೆ. ಚಿಕ್ಕ ಗುಂಡು ಹೊರಡುವಾಗ ಎಷ್ಟೇ ವೇಗವಾಗಿದ್ದರೂ ದೂರ ಹೋದಂತೆ ಬೇಗ ಸೊರಗುವುದು ಇದರಿಂದಲೇ.

ಇದಕ್ಕೆ ಪರಿಹಾರವೊಂದುಂಟು. ವ್ಯಾಸವನ್ನು ಹಿಗ್ಗಿಸದೆ ಗುಂಡನ್ನು ಉದ್ದವಾಗಿಸಿದರೆ ವಿಸ್ತೀರ್ಣ ಅಷ್ಟೇ ಇದ್ದು ರಾಶಿ ಹೆಚ್ಚುತ್ತದೆ. ಗುಂಡಿನ ತೂಕವನ್ನು ಅದರ ವ್ಯಾಸದ ವರ್ಗದಿಂದ ಭಾಗಿಸಿದರೆ ಈ ಗುಣದ ಅಳತೆ ಸಿಗುತ್ತದೆ. ಹದಿನೆಂಟನೆಯ ಶತಮಾನದ ಬ್ರಿಟಿಷ್ ಕೋವಿಯ ದುಂಡನೆಯ ಸೀಸದ ಗುಂಡು ಹದಿನೇಳೂವರೆ ಮಿಲಿಮೀಟರ್ ದಪ್ಪ, ಸುಮಾರು 32 ಗ್ರಾಂ ತೂಕ. ಅದರ ಅಳತೆ ಚದರ ಮಿಲಿಮೀಟರಿಗೆ 0.10 ಗ್ರಾಂ. 5.56ರದು 0.12, 7.62×51ರದು 0.16. ಸ್ವೀಡನ್ ದೇಶ 1894ರಲ್ಲಿ ಸ್ವೀಕರಿಸಿದ 6.5 ಮಿ.ಮೀ. ತೋಟಾದ ಹತ್ತು ಗ್ರಾಮಿನ ನೀಳವಾದ ಗುಂಡಿನದು 0.22! ಅತ್ಯಂತ ದಪ್ಪನೆಯ ಗುಂಡು ಪಟ್ಟಿಯ ತಳದಲ್ಲಿದೆ. ತೆಳ್ಳಗೆ ಉದ್ದವಾಗಿರುವುದು ಮೇಲಿದೆ.

ಆದರೆ ಉದ್ದನೆಯ ಗುಂಡು ಗಾಳಿಯಲ್ಲಿ ನೆಟ್ಟಗೆ ಹೋಗಲು ಒಪ್ಪುವುದಿಲ್ಲ. ಪಲ್ಟಿ ಹೊಡೆಯಲು ನೋಡುತ್ತದೆ. ತಿರುಗುವ ಬುಗುರಿ ತನ್ನ ಮೊಳೆಯ ಮೇಲೆ ನಿಲ್ಲುವಂತೆ ಗುಂಡನ್ನೂ ತಿರುಗಿಸಿ ನಿಲ್ಲಿಸಬೇಕು. ನಳಿಗೆಯ ಸುರುಳಿ ತೋಡುಗಳ ಕೆಲಸ ಇದೇ. 5.56ರ ಈಗಿನ ಗುಂಡಿಗಾಗಿ ತೋಡು 178 ಮಿ.ಮೀ.ಗೆ ಒಂದು ಸುತ್ತು ಬರುವಂತೆ ಕೊರೆಯುತ್ತಾರೆ. ಸೆಕೆಂಡಿಗೆ 940 ಮೀಟರ್ ಹೋಗುವ ಗುಂಡು ಹೀಗೆ ಸೆಕೆಂಡಿಗೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಗುಂಡು ಉದ್ದವಾದಷ್ಟೂ ತಿರುಗಣೆ ಹೆಚ್ಚಬೇಕು. ಭಾರವಾದಷ್ಟೂ ಒದೆತ ಹೆಚ್ಚಾಗುತ್ತದೆ, ಇಲ್ಲವೆ ವೇಗ ತಗ್ಗುತ್ತದೆ. ಒಂದನ್ನು ಪಡೆಯಲು ಹೋದರೆ ಇನ್ನೊಂದನ್ನು ಬಿಡಬೇಕು. ವಾದದ ಬೇರು ಇರುವುದು ಇಲ್ಲಿಯೇ.

ನಳಿಗೆ ಕಿರಿದಾದ ಕಥೆ

ಬಾಯಿಂದ ಮದ್ದು ಗುಂಡು ತುಂಬುತ್ತಿದ್ದ ಕಾಲದಲ್ಲಿ ಗುಂಡು ನಳಿಗೆಯೊಳಗೆ ಸಡಿಲವಾಗಿ ಇಳಿಯಬೇಕು. ಹಾರುವಾಗ ಬಿಗಿಯಾಗಿ ತೋಡನ್ನು ಹಿಡಿಯಬೇಕು. ಈ ವಿರೋಧವನ್ನು ಪರಿಹರಿಸಿದುದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಂದ, ಮದ್ದಿನ ಒತ್ತಡದಿಂದ ಬುಡ ಅರಳುವ ಸೀಸದ ಗುಂಡು. ಬ್ರಿಟಿಷರ 1853ರ ಎನ್‌ಫೀಲ್ಡ್ ಬಂದೂಕು ಇದನ್ನೇ ಬಳಸುತ್ತಿತ್ತು, ಅದರ ಕ್ಯಾಲಿಬರ್.577 ಅಂಗುಲ, ಎಂದರೆ 14.7 ಮಿ.ಮೀ. ಕಾಗದ ಸುತ್ತಿದ ಗುಂಡು ಸಲೀಸಾಗಿ ಒಳಗೆ ಜಾರಲೆಂದು ತೋಟಾಕ್ಕೆ ಜಿಡ್ಡು ಸವರುತ್ತಿದ್ದರು. ಆ ಜಿಡ್ಡು ದನ ಹಂದಿಗಳ ಕೊಬ್ಬಿನದೆಂಬ ಸುದ್ದಿ 1857ರಲ್ಲಿ ಏನನ್ನು ಹೊತ್ತಿಸಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ನಳಿಗೆಗೂ ಗುಂಡಿಗೂ ಇರುವ ಸಂದಿನ ಸಮಸ್ಯೆಯೊಂದು ನಮ್ಮ ದೇಶದ ಇತಿಹಾಸದೊಳಕ್ಕೂ ಬಂದುಹೋಗಿದೆ.

ಕಪ್ಪು ಮದ್ದಿನಿಂದ ಗುಂಡಿಗೆ ಕೊಡಬಹುದಾದ ವೇಗಕ್ಕೆ ಮಿತಿಯಿತ್ತು. ಆದುದರಿಂದ ಹೆಚ್ಚು ಶಕ್ತಿ ಬೇಕಾದರೆ ಗುಂಡನ್ನು ಭಾರವಾಗಿಸುವುದೊಂದೇ ದಾರಿ. 1884ರಲ್ಲಿ ಫ್ರಾನ್ಸಿನ ರಸಾಯನಜ್ಞ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ. ಎರಡು ವರ್ಷಗಳಲ್ಲಿ ಫ್ರೆಂಚ್ ಸೈನ್ಯಕ್ಕೆ 8 ಮಿ.ಮೀ. ಲೆಬೆಲ್ ಬಂದೂಕು ಬಂದಿತು. ಮುಂದಿನ ಹತ್ತು ವರ್ಷಗಳಲ್ಲಿ ಯೂರೋಪಿನ ಸೈನ್ಯಗಳೆಲ್ಲ 11 ಮಿ.ಮೀ. ಆಸುಪಾಸಿನಿಂದ 8, 7.7, 6.5 ಮಿ.ಮೀ.ಗಳಿಗೆ ಇಳಿದುವು. ವೇಗ ಹೆಚ್ಚಿದ್ದರಿಂದ ಬರಿಯ ಸೀಸ ತೋಡುಗಳಲ್ಲಿ ಹಿಡಿಯಲಾರದೆ ಸವೆಯುತ್ತಿತ್ತು. ಅದಕ್ಕೆ ಗಟ್ಟಿ ಲೋಹದ ಹೊದಿಕೆ ಬಂದಿತು.

ಬ್ರಿಟಿಷರು 1888ರಲ್ಲಿ ತಂದ .303 ಅಂಥದೇ. ಆದರೆ 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಈ ಕಿರಿಯ ಗುಂಡು ಎದುರಾಳಿಯ ದೇಹವನ್ನು ತೂರಿ ಹೊರಟುಹೋಗುತ್ತದೆ, ಅವನನ್ನು ತಡೆಯುವುದಿಲ್ಲ ಎಂಬ ದೂರು ಎದ್ದಿತು. ಕಲ್ಕತ್ತೆಯ ಬಳಿಯ ಡಂ ಡಂ ಕಾರ್ಖಾನೆಯಲ್ಲಿ ಗುಂಡಿನ ತುದಿಯ ಹೊದಿಕೆಯನ್ನು ತೆಗೆದು ಸೀಸ ಕಾಣುವಂತೆ ಮಾಡಿದರು. ಅದು ದೇಹದೊಳಗೆ ಹೂವಿನಂತೆ ಅರಳಿ ಘೋರವಾದ ಗಾಯ ಮಾಡುತ್ತಿತ್ತು. ಬಂದೂಕು ಅದೇ, ಕ್ಯಾಲಿಬರ್ ಅದೇ, ಹೊರಡುವಾಗಿನ ಚಲನಶಕ್ತಿಯೂ ಅದೇ. ಬದಲಾದುದು ಆ ಶಕ್ತಿ ಎಲ್ಲಿ ವ್ಯಯವಾಗುತ್ತದೆ ಎಂಬುದು ಮಾತ್ರ. 1899ರ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬ್ರಿಟನ್ ಮೊದಲು ವಿರೋಧಿಸಿ 1907ರಲ್ಲಿ ಒಪ್ಪಿಕೊಂಡಿತು. ಯಾವ ಗುಂಡು ಹೆಚ್ಚು ಪರಿಣಾಮಕಾರಿ ಎಂಬ ಪ್ರಶ್ನೆಯ ಜೊತೆಗೆ ಯಾವ ಪರಿಣಾಮವನ್ನು ಮನುಷ್ಯರು ಸಹಿಸಬಹುದು ಎಂಬ ಪ್ರಶ್ನೆಯೂ ಅಂದಿನಿಂದ ಸೇರಿಕೊಂಡಿದೆ.

ನಡುದಾರಿಯ ಹುಡುಕಾಟ

.303 ಮುಂತಾದ ತೋಟಾಗಳು ಸಾವಿರ ಮೀಟರಿಗೂ ಆಚೆ ಗುಂಡನ್ನು ಒಯ್ಯಬಲ್ಲುವು. ಆದರೆ ಸಾಮಾನ್ಯ ಸೈನಿಕನೊಬ್ಬ ಯುದ್ಧದ ಗದ್ದಲದಲ್ಲಿ ಅಷ್ಟು ದೂರದ ಮನುಷ್ಯನನ್ನು ಕಾಣಬಲ್ಲನೆ? 1952ರಲ್ಲಿ ಅಮೆರಿಕದ ಸಂಶೋಧಕ ನಾರ್ಮನ್ ಹಿಚ್‌ಮನ್ ಯುದ್ಧಭೂಮಿಯ ಮಾಹಿತಿಯನ್ನು ಪರಿಶೀಲಿಸಿ, ಬಂದೂಕಿನ ಪರಿಣಾಮಕಾರಿಯಾದ ಬಳಕೆ ಬಹುಮಟ್ಟಿಗೆ 300 ಗಜಗಳ ಒಳಗೇ ಆಗುತ್ತದೆಂದು ವರದಿಮಾಡಿದರು. ಹಾಗಿದ್ದರೆ ಸೈನಿಕ ತಾನು ಎಂದಿಗೂ ಬಳಸದ ಶಕ್ತಿಯನ್ನು ಹೊತ್ತು ತಿರುಗುತ್ತಾನೆ. ಅದರ ಒದೆತವನ್ನು ಪ್ರತಿ ಸಲವೂ ತಿನ್ನುತ್ತಾನೆ.

ಹೊರೆಯ ಲೆಕ್ಕ ಸಣ್ಣದಲ್ಲ. 7.62×51ರ ಒಂದು ತೋಟಾ ಸುಮಾರು 24 ಗ್ರಾಂ, 7.62×39ರದು 16, 5.56ರದು 12. ಐದು ಕಿಲೋಗ್ರಾಂ ತೋಟಾ ಹೊರುವ ಸೈನಿಕನಿಗೆ ಮೊದಲನೆಯದರಲ್ಲಿ ಇನ್ನೂರು, ಎರಡನೆಯದರಲ್ಲಿ ಮುನ್ನೂರು, ಮೂರನೆಯದರಲ್ಲಿ ನಾನೂರು ತೋಟಾಗಳು ಸಿಗುತ್ತವೆ. ಗುಡ್ಡವೊಂದರ ಮೇಲೆ ಸಿಕ್ಕಿಕೊಂಡು ಸಹಾಯಕ್ಕಾಗಿ ಕಾಯುವ ತುಕಡಿಗೆ ಈ ಅಂತರ ಜೀವನ್ಮರಣದ ಪ್ರಶ್ನೆ.

ಈ ನಡುದಾರಿಯನ್ನು ಹಿಡಿಯುವ ಪ್ರಯತ್ನಗಳು ಮೊದಲೇ ನಡೆದಿದ್ದುವು. ಅಮೆರಿಕದಲ್ಲಿ 1920ರ ದಶಕದಲ್ಲಿ .276 ಅಂಗುಲದ, ಎಂದರೆ 7 ಮಿ.ಮೀ.ನ ತೋಟಾವೊಂದನ್ನು ಸಿದ್ಧಪಡಿಸಿ ಪರೀಕ್ಷಿಸಿದರು. ಗ್ಯಾರಂಡ್ ಬಂದೂಕಿನಲ್ಲಿ ಅದು ಹತ್ತು ಹಿಡಿಯುತ್ತಿತ್ತು. ಆದರೆ 1932ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಮ್ಯಾಕ್ಆರ್ಥರ್ ಅದನ್ನು ತಳ್ಳಿಹಾಕಿದರು. ಹಳೆಯ .30 ತೋಟಾಗಳ ಸಂಗ್ರಹ ಅಪಾರವಾಗಿದ್ದುದು ಮುಖ್ಯ ಕಾರಣ. ಗ್ಯಾರಂಡ್ ಹಳೆಯ ತೋಟಾಕ್ಕೆ ಹೊಂದಿಕೊಂಡು ಎಂಟನ್ನು ಮಾತ್ರ ಹಿಡಿಯುವಂತಾಯಿತು. ಇಟಲಿಯಂತೂ 1938ರಲ್ಲಿ 6.5ರಿಂದ 7.35 ಮಿ.ಮೀ.ಗೆ ಹೊರಟು, ಯುದ್ಧ ಬಂದಾಗ ಎರಡು ಬಗೆಯ ತೋಟಾಗಳನ್ನು ಒದಗಿಸಲಾರದೆ ಮತ್ತೆ 6.5ಕ್ಕೇ ಹಿಂದಿರುಗಿತು. ಕಾರ್ಖಾನೆಗಳಿಗೂ ಉಗ್ರಾಣಗಳಿಗೂ ತಮ್ಮದೇ ಆದ ಜಡತ್ವವಿದೆ. ಅದು ನ್ಯೂಟನ್ನನ ಜಡತ್ವಕ್ಕಿಂತ ಕಡಿಮೆಯದೇನೂ ಅಲ್ಲ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಹಳೆಯ 7.92 ಮಿ.ಮೀ. ವ್ಯಾಸವನ್ನೇ ಇಟ್ಟುಕೊಂಡು ಕವಚವನ್ನು 57ರಿಂದ 33 ಮಿ.ಮೀ.ಗೆ ಮೊಟಕುಗೊಳಿಸಿದರು. ಸೋವಿಯೆತ್ ದೇಶ 1943ರಲ್ಲಿ ಇದೇ ತತ್ತ್ವದ ಮೇಲೆ 7.62×39ನ್ನು ರೂಪಿಸಿತು, ಕಲಾಷ್ನಿಕೋವರ ಎ.ಕೆ. ಬಂದೂಕಿನೊಡನೆ ಅದು ಜಗತ್ತನ್ನೆಲ್ಲ ಸುತ್ತಿತು. ಬ್ರಿಟನ್ 7 ಮಿ.ಮೀ.ನ ಹೊಸ ತೋಟಾವನ್ನೂ ಬಂದೂಕನ್ನೂ ಸಿದ್ಧಪಡಿಸಿ 1951ರಲ್ಲಿ ಸ್ವೀಕರಿಸಿತು. ಆದರೆ ಅಮೆರಿಕ ತನ್ನ ಪೂರ್ಣಶಕ್ತಿಯ ತೋಟಾವನ್ನು ಬಿಡಲೊಪ್ಪಲಿಲ್ಲ; ನಾಟೋ ಕೂಟಕ್ಕೆಲ್ಲ ಒಂದೇ ತೋಟಾ ಇರಬೇಕೆಂದು 1954ರಲ್ಲಿ 7.62×51 ಗೊತ್ತಾಯಿತು, ಬ್ರಿಟನ್ನಿನ ಆಸೆ ಮಣ್ಣುಪಾಲಾಯಿತು. ವಿನೋದವೆಂದರೆ, ಹಟ ಹಿಡಿದ ಅಮೆರಿಕವೇ 1960ರ ದಶಕದಲ್ಲಿ ವಿಯೆಟ್ನಾಮಿನ ಕಾಡುಗಳಲ್ಲಿ ಅದನ್ನು ಬಿಟ್ಟು 5.56ಕ್ಕೆ ಹಾರಿತು. 1974ರ ಹೊತ್ತಿಗೆ ಸೋವಿಯೆತ್ ದೇಶವೂ 5.45 ಮಿ.ಮೀ.ಗೆ ಇಳಿಯಿತು, 1980ರಲ್ಲಿ ನಾಟೋ 5.56ಕ್ಕೆ ಮುದ್ರೆಯೊತ್ತಿತು.

ನಮ್ಮ ದೇಶದ ಅನುಭವ

ಈ ವಾದ ನಮಗೆ ಹೊರಗಿನದಲ್ಲ. 1962ರಲ್ಲಿ ಹಿಮಾಲಯದ ಗಡಿಯಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದುದು ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟನ್ನು ಎಳೆಯಬೇಕಾದ .303. ಅದಾದ ಮೇಲೆ ಇಛಾಪುರದ ಕಾರ್ಖಾನೆಯಲ್ಲಿ ತಯಾರಾದ 7.62×51ರ ಸ್ವಯಂ ತುಂಬುವ ಬಂದೂಕು ಸೈನ್ಯಕ್ಕೆ ಬಂದಿತು. 1987ರಿಂದ 1990ರವರೆಗೆ ಶ್ರೀಲಂಕೆಯಲ್ಲಿ ಆ ಉದ್ದನೆಯ ಭಾರವಾದ ಬಂದೂಕು ಹಿಡಿದ ನಮ್ಮವರು ಹಗುರವಾದ ಎ.ಕೆ. ಹಿಡಿದವರನ್ನು ಕಾಡಿನಲ್ಲಿ ಎದುರಿಸಬೇಕಾಯಿತು. 1990ರ ದಶಕದ ಕೊನೆಗೆ 5.56ರ ಇನ್ಸಾಸ್ ಬಂದಿತು. 1999ರಲ್ಲಿ ಕಾರ್ಗಿಲ್‌ನ ಶಿಖರಗಳನ್ನೂ ಏರಿತು.

ಇಲ್ಲಿ ಭೌತವಿಜ್ಞಾನದ ಒಂದು ಸ್ವಾರಸ್ಯವಿದೆ. ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ನೂರಕ್ಕೆ ಅರವತ್ತರಷ್ಟು ಮಾತ್ರ. ಗಾಳಿಯ ತಡೆಯೂ ಅಷ್ಟೇ ಇಳಿಯುತ್ತದೆ. ಬಯಲಿನಲ್ಲಿ ಬೇಗ ಸೊರಗುವ ಚಿಕ್ಕ ಗುಂಡು ಅಲ್ಲಿ ಹೆಚ್ಚು ದೂರ ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ. ಬಯಲಿನಲ್ಲಿ ಹೊಂದಿಸಿದ ಗುರಿಕಣ್ಣಿನಿಂದ ದೂರಕ್ಕೆ ಹೊಡೆದರೆ ಗುಂಡು ಗುರಿಗಿಂತ ಮೇಲೆ ಹೋಗುತ್ತದೆ. ಆದರೆ ಪರ್ವತಗಳಲ್ಲಿ ಎದುರಾಳಿಗಳ ನಡುವಣ ಅಂತರವೂ ಹೆಚ್ಚು. ಉಸಿರಿಗೇ ಕಷ್ಟವಾದ ಆ ಎತ್ತರದಲ್ಲಿ ಹೊರೆಯ ಪ್ರತಿ ಗ್ರಾಮೂ ಭಾರವೇ. ಒಂದು ಶಿಖರ ಮೂರು ವಾದಗಳನ್ನು ಒಟ್ಟಿಗೆ ಎತ್ತುತ್ತದೆ.

5.56 ಕೊಲ್ಲುವುದಕ್ಕಿಂತ ಗಾಯಗೊಳಿಸುತ್ತದೆ, ಗಾಯಾಳುವನ್ನು ಹೊರಲು ಶತ್ರುವಿನ ಇನ್ನಿಬ್ಬರು ಬೇಕಾಗುತ್ತಾರೆ, ಆದುದರಿಂದ ಅದೇ ಮೇಲು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಇದನ್ನು ನಾವು ನಂಬಲಾರೆವು. ಗಾಯ ಎಂಥದೆಂಬುದು ಗುಂಡು ತಗಲಿದ ಸ್ಥಳ, ದೂರ, ತಗಲಿದಾಗಿನ ವೇಗ, ಒಳಗೆ ಗುಂಡು ಮಗುಚಿತೇ ಒಡೆಯಿತೇ ಎಂಬುವನ್ನು ಅವಲಂಬಿಸುತ್ತದೆ. ಅಷ್ಟೊಂದು ಅನಿಶ್ಚಿತ ಸಂಗತಿಗಳಿರುವಲ್ಲಿ ನಳಿಗೆಯ ಅಗಲವೊಂದೇ ಸಾವನ್ನೂ ಗಾಯವನ್ನೂ ಬೇರ್ಪಡಿಸುತ್ತದೆನ್ನುವುದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ. ಚಿಕ್ಕ ತೋಟಾವನ್ನು ಆರಿಸಿದವರ ಮುಖ್ಯ ಕಾರಣಗಳು ಹೊರೆ, ಒದೆತ ಮತ್ತು ಚಪ್ಪಟೆಯಾದ ದಾರಿ, ಇವನ್ನು ಅಳೆಯಬಹುದು.

2019ರಲ್ಲಿ ನಮ್ಮ ಸೈನ್ಯ 72,400 ಸಿಗ್ 716 ಬಂದೂಕುಗಳಿಗೆ ಬೇಡಿಕೆ ಸಲ್ಲಿಸಿತು. ಅವುಗಳ ತೋಟಾ 7.62×51. 2021ರಲ್ಲಿ ಅಮೇಠಿಯ ಬಳಿಯ ಕೊರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎ.ಕೆ. 203 ಬಂದೂಕುಗಳನ್ನು ತಯಾರಿಸುವ ಒಪ್ಪಂದವಾಯಿತು; ಅವುಗಳದು 7.62×39. ಪತ್ರಿಕೆಗಳಲ್ಲಿ ಎರಡನ್ನೂ 7.62 ಎಂದೇ ಬರೆಯುತ್ತಾರೆ. ಪಟ್ಟಿಯನ್ನು ನೋಡಿದ ವಾಚಕರಿಗೆ ಇವು ಒಂದೇ ಉತ್ತರವಲ್ಲ, ಎರಡು ಬೇರೆ ಉತ್ತರಗಳೆಂಬುದು ತಿಳಿದೀತು. ಮೊದಲನೆಯದು ದೂರವನ್ನು ಆರಿಸಿದೆ. ಎರಡನೆಯದು ಹೊರೆ ಒದೆತಗಳ ಮಿತಿಯನ್ನು.

ಅಮೆರಿಕದಲ್ಲಿಯೂ ಗಡಿಯಾರದ ಲೋಲಕ ಹಿಂದಕ್ಕೆ ತೂಗಿದೆ. ಅಫ್ಘಾನಿಸ್ಥಾನದ ಕಣಿವೆಗಳ ದೂರವನ್ನು ಕಂಡ ಮೇಲೆ, ಎದುರಾಳಿಗಳ ಎದೆಗವಚಗಳು ಗಟ್ಟಿಯಾಗುತ್ತಿರುವುದನ್ನು ನೋಡಿ, 2022ರಲ್ಲಿ ಅದರ ಸೈನ್ಯ 6.8 ಮಿ.ಮೀ. ತೋಟಾವನ್ನು ಆರಿಸಿತು. ಅದರ ಮದ್ದಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 80 ಸಾವಿರ ಪೌಂಡು. ಹಿತ್ತಾಳೆಯೊಂದೇ ತಾಳಲಾರದೆಂದು ಕವಚದ ಬುಡವನ್ನು ಉಕ್ಕಿನಿಂದ ಮಾಡಿದ್ದಾರೆ. ಬೆಲೆಯನ್ನೂ ತೆರಲೇಬೇಕಷ್ಟೆ: ಮೊದಲು ಏಳು ಮ್ಯಾಗಜೀನುಗಳಲ್ಲಿ 210 ತೋಟಾ ಹೊರುತ್ತಿದ್ದ ಸೈನಿಕನಿಗೆ, ಇಪ್ಪತ್ತು ಹಿಡಿಯುವ ಹೊಸ ಮ್ಯಾಗಜೀನುಗಳು ಏಳರಲ್ಲಿ ಬರುವುದು 140.

ಉತ್ತರವೆಲ್ಲಿದೆ?

ಕಲನಶಾಸ್ತ್ರ ಓದುವ ವಿದ್ಯಾರ್ಥಿಗಳು ಗರಿಷ್ಠ ಬೆಲೆಯನ್ನು ಕಂಡುಹಿಡಿಯುವ ಲೆಕ್ಕಗಳನ್ನು ಮಾಡಿರುತ್ತಾರೆ. ಅಲ್ಲಿ ಮೊದಲು ಉತ್ಪನ್ನವನ್ನು ಕೊಟ್ಟಿರುತ್ತಾರೆ; ಆಮೇಲೆ ಅದರ ಶಿಖರವನ್ನು ಹುಡುಕುವುದು ಸುಲಭ. ಆದರ್ಶ ಕ್ಯಾಲಿಬರಿನ ವಾದದಲ್ಲಿ ಕೊರತೆಯಿರುವುದು ಆ ಉತ್ಪನ್ನದಲ್ಲಿಯೇ. ದೂರಕ್ಕೆ ಎಷ್ಟು ಬೆಲೆ, ಹೊರೆಗೆ ಎಷ್ಟು, ಒದೆತಕ್ಕೆ ಎಷ್ಟು, ಉಗ್ರಾಣದಲ್ಲಿ ಈಗಾಗಲೇ ಇರುವ ತೋಟಾಗಳಿಗೆ ಎಷ್ಟು ಎಂಬುದನ್ನು ಒಪ್ಪಿಕೊಳ್ಳದೆ ಲೆಕ್ಕ ಆರಂಭವೇ ಆಗದು. ದೂರಕ್ಕೂ ಹೊರೆಗೂ ಸಮ ಬೆಲೆ ಕಟ್ಟಿದವರಿಗೆ ಉತ್ತರ 6.5 ಮತ್ತು 7 ಮಿ.ಮೀ.ಗಳ ನಡುವೆ ಬರುತ್ತದೆ. ನೂರು ವರ್ಷಗಳಲ್ಲಿ ಅನೇಕರು ಬೇರೆ ಬೇರೆ ದಾರಿಗಳಿಂದ ಅಲ್ಲಿಗೇ ಬಂದು ಸೇರಿರುವುದು ಆಕಸ್ಮಿಕವಲ್ಲ. ಕಾಡಿನಲ್ಲಿ ನೂರು ಮೀಟರಿನೊಳಗೆ ಹೋರಾಡುವವನಿಗೆ ಅದು ಅನವಶ್ಯಕ ಭಾರ. ಮರುಭೂಮಿಯಲ್ಲಿ ಕಿಲೋಮೀಟರ್ ದೂರ ನೋಡುವವನಿಗೆ ಅದೂ ಸಾಲದು.

ನಮ್ಮ ವಿದ್ಯಾರ್ಥಿ ಇಷ್ಟನ್ನೂ ಬರೆದುಕೊಂಡು, "ಹಾಗಾದರೆ ಆದರ್ಶ ಎಂಬುದೇ ಇಲ್ಲವೆ, ಸಾರ್?" ಎಂದು ಕೇಳಿದ. ಎಲ್ಲಿ, ಯಾರಿಗೆ, ಯಾವುದರ ಬದಲಿಗೆ ಎಂಬ ಮೂರು ಮಾತುಗಳನ್ನು ಸೇರಿಸಿ ಕೇಳಿದರೆ ಇದೆ. ಸೇರಿಸದಿದ್ದರೆ ಇಲ್ಲ ಎಂದೆವು. ಭೌತವಿಜ್ಞಾನ ಗುಂಡಿನ ವೇಗವನ್ನೂ ಅದು ಬೀಳುವ ಅಂತರವನ್ನೂ ನಿಖರವಾಗಿ ಹೇಳುತ್ತದೆ. ಡಂ ಡಂ ಗುಂಡನ್ನು ತಯಾರಿಸಲೂ ಅದೇ ವಿಜ್ಞಾನ ಸಾಕಾಯಿತು. ನಿಷೇಧಿಸಲು ಮಾತ್ರ ಹೇಗ್ ನಗರದಲ್ಲಿ ದೇಶದೇಶಗಳ ಪ್ರತಿನಿಧಿಗಳು ಕೂಡಬೇಕಾಯಿತು.

ಅವನು ಹೊರಡುವಾಗ ಒಂದು ಲೆಕ್ಕವನ್ನು ಕೊಟ್ಟು ಕಳುಹಿಸಿದೆವು. ವಾಚಕರೂ ಮಾಡಿ ನೋಡಬಹುದು. 6.5 ಮಿ.ಮೀ.ನ 8 ಗ್ರಾಂ ತೂಕದ ಗುಂಡಿಗೆ 2,500 ಜೂಲ್ ಚಲನಶಕ್ತಿ ಬೇಕು. ಅದರ ವೇಗವೆಷ್ಟು? ನಾಲ್ಕು ಕಿಲೋಗ್ರಾಮಿನ ಬಂದೂಕು ಎಷ್ಟು ವೇಗದಿಂದ ಹಿಂದಕ್ಕೆ ಒದೆಯುತ್ತದೆ? ಉತ್ತರವನ್ನು ಮೇಲಿನ ಪಟ್ಟಿಯೊಡನೆ ಹೋಲಿಸಿದರೆ, ದೊಡ್ಡ ದೊಡ್ಡ ಸೇನಾಧಿಪತಿಗಳು ಯಾವುದಕ್ಕಾಗಿ ಮೇಜು ಗುದ್ದಿದರೆಂಬುದು ಅರ್ಧ ಪುಟದಲ್ಲಿಯೇ ಕಾಣಸಿಗುತ್ತದೆ.